ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗಸದ ಕಡಿತ ಮತ್ತು ಮರುಬಳಕೆ

ಮನೆಗಸದ ಕಡಿತ ಎಂದರೆ ದಿನಬಳಕೆಯಿಂದ ಉಳಿಯುವ ಕಸದ ಪ್ರಮಾಣವನ್ನು ಮನೆಯ ಹಂತದಲ್ಲಿಯೇ ತಗ್ಗಿಸುವುದು ಮತ್ತು ಉಳಿದುದನ್ನು ಬೇರ್ಪಡಿಸಿ ಮತ್ತೆ ಬಳಕೆಗೆ ತರುವುದು. ಧಾರವಾಡ ಜಿಲ್ಲೆಯ ಅವಳಿ ನಗರವಾದ ಹುಬ್ಬಳ್ಳಿ-ಧಾರವಾಡದಲ್ಲಿ ಈ ವಿಷಯಕ್ಕೆ ವಿಶೇಷವಾದ ಹಿನ್ನೆಲೆಯಿದೆ. ಇಲ್ಲಿನ ಊರಕಸವು ಹಲವು ದಶಕಗಳ ಕಾಲ ಸುತ್ತಲಿನ ರೈತರು ಹಣ ಕೊಟ್ಟು ಕೊಳ್ಳುತ್ತಿದ್ದ ಗೊಬ್ಬರವಾಗಿತ್ತು. ಪ್ಲಾಸ್ಟಿಕ್ ಮತ್ತು ಗಾಜು ಬೆರೆಯತೊಡಗಿದ ಮೇಲೆ ಅದೇ ಕಸ ಯಾರಿಗೂ ಬೇಡವಾಯಿತು. ಆದ್ದರಿಂದ ಇಲ್ಲಿನ ಮನೆಗಳ ಮಟ್ಟಿಗೆ ಹಸಿ ಕಸವನ್ನು ಒಣ ಕಸದಿಂದ ಬೇರೆಯಾಗಿ ಇಡುವುದೇ ಉಳಿದೆಲ್ಲ ಕ್ರಮಗಳಿಗೆ ಆಧಾರವಾಗಿದೆ.

ಸ್ಥಳ ಪರಿಚಯ

ಹುಬ್ಬಳ್ಳಿ ಮತ್ತು ಧಾರವಾಡ ನಗರಗಳನ್ನು 1962ರಲ್ಲಿ ಒಂದುಗೂಡಿಸಿ ಒಂದೇ ಪಾಲಿಕೆಯ ಆಡಳಿತಕ್ಕೆ ತರಲಾಯಿತು. 2011ರ ಜನಗಣತಿಯಂತೆ ಅವಳಿ ನಗರದ ಜನಸಂಖ್ಯೆ 9.43 ಲಕ್ಷ. ಎರಡು ಊರುಗಳ ನಡುವಿನ ಹಳೆಯ ಪುಣೆ-ಬೆಂಗಳೂರು ರಸ್ತೆಯ ಮೇಲೆ ನವನಗರವನ್ನು ದಾಟಿದರೆ ರಾಯಾಪುರ, ಅದರಾಚೆ ಸತ್ತೂರು. ರಾಯಾಪುರದಲ್ಲಿ ಕೈಗಾರಿಕಾ ಪ್ರದೇಶ, ಇಸ್ಕಾನ್ ಮಂದಿರ ಮತ್ತು ಶಾಲೆಗಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಕಳುಹಿಸುವ ಅಕ್ಷಯ ಪಾತ್ರ ಪ್ರತಿಷ್ಠಾನದ ಬೃಹತ್ ಅಡುಗೆಮನೆ ಇವೆ. ಈ ಊಟವು ಸ್ಟೀಲ್ ಡಬ್ಬಿಗಳಲ್ಲಿ ಶಾಲೆಗಳಿಗೆ ಹೋಗಿ, ಖಾಲಿ ಡಬ್ಬಿಗಳು ತೊಳೆದು ಮರುಬಳಕೆಯಾಗುತ್ತವೆ. ಬಿಸಾಡುವ ತಟ್ಟೆ-ಲೋಟಗಳಿಲ್ಲದೆ ದೊಡ್ಡ ಪ್ರಮಾಣದ ಊಟವನ್ನು ನಡೆಸುವುದು ಸಾಧ್ಯವಿಲ್ಲ ಎಂಬ ಮಾತಿಗೆ ಇದು ಉತ್ತರವಾಗಬಹುದು.

ಹೊಲಗಳ ನಡುವೆ ಬೆಳೆದ ಇಂತಹ ಪ್ರದೇಶಗಳಲ್ಲಿ ಒಂದೆಡೆ ಬಡಾವಣೆ, ಇನ್ನೊಂದೆಡೆ ಕೃಷಿಭೂಮಿ ಇರುತ್ತದೆ. ಮನೆಯಿಂದ ಹೊರಹಾಕಿದ ವಸ್ತು ಹೊಲಕ್ಕೆ ತಲುಪುವ ದೂರ ಇಲ್ಲಿ ಬಹಳ ಕಡಿಮೆ. ಇದರಿಂದ ಲಾಭವೂ ಇದೆ, ಹಾನಿಯೂ ಇದೆ.

ಇತಿಹಾಸ: ತಿಪ್ಪೆಯಿಂದ ಕಸದ ಗುಡ್ಡೆಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಪ್ರತಿ ಒಕ್ಕಲುಮನೆಗೂ ಒಂದು ತಿಪ್ಪೆ ಇರುತ್ತಿತ್ತು. ಸೆಗಣಿ, ದನಗಳು ತಿಂದುಳಿದ ಮೇವು, ಒಲೆಯ ಬೂದಿ, ಕಸಬರಿಗೆಯಿಂದ ಗುಡಿಸಿದ ಕಸ ಇವೆಲ್ಲವೂ ಅಲ್ಲಿ ಬಿದ್ದು ಕೊಳೆತು, ಮುಂಗಾರಿಗೆ ಮುನ್ನ ಚಕ್ಕಡಿಯಲ್ಲಿ ಹೊಲಕ್ಕೆ ಹೋಗುತ್ತಿದ್ದವು. ಅಡುಗೆಮನೆಯ ಮುಸುರೆ ದನಗಳ ಪಾಲಾಗುತ್ತಿತ್ತು. ತಿಪ್ಪೆ ಎಂಬ ಮಾತು ಇಂದು ಹೊಲಸಿನ ಅರ್ಥದಲ್ಲಿ ಬಳಕೆಯಾಗುತ್ತಿದ್ದರೂ ರೈತನ ಲೆಕ್ಕದಲ್ಲಿ ಅದು ಆಸ್ತಿಯಾಗಿತ್ತು.

ನಗರದ ಕಸವೂ ಇದೇ ಹಾದಿಯಲ್ಲಿ ಸಾಗುತ್ತಿತ್ತು. ಹುಬ್ಬಳ್ಳಿ ಮತ್ತು ಧಾರವಾಡದ ಕಸ ವಿಲೇವಾರಿ ಸ್ಥಳಗಳಲ್ಲಿ ಗುಂಡಿಗಳನ್ನು ತೋಡಿ, ಅವುಗಳಲ್ಲಿ ಕಸವನ್ನು ಕೊಳೆಸಿ, ಸಿದ್ಧವಾದ ಗೊಬ್ಬರವನ್ನು ರೈತರಿಗೆ ಹರಾಜಿನ ಮೂಲಕ ಮಾರಲಾಗುತ್ತಿತ್ತು. 1990ರ ದಶಕದ ಹೊತ್ತಿಗೆ ಈ ವ್ಯವಸ್ಥೆ ಕುಸಿಯತೊಡಗಿತು. ಅವಳಿ ನಗರದ ಈ ಗೊಬ್ಬರದ ಮಾರುಕಟ್ಟೆಯನ್ನು ಕುರಿತು ಫಿಯೋನಾ ನೂನನ್ ಅವರು ಬರೆದ ಅಧ್ಯಯನ ಲೇಖನವು 2000ದಲ್ಲಿ ಪ್ರಕಟವಾಯಿತು. ಕಸದಲ್ಲಿ ಪ್ಲಾಸ್ಟಿಕ್, ಗಾಜಿನ ಚೂರು ಮೊದಲಾದವು ಹೆಚ್ಚಿದುದು ಮತ್ತು ಅವನ್ನು ಆರಿಸಿ ತೆಗೆಯುವ ಕೂಲಿ ರೈತರಿಗೆ ಹೊರೆಯಾದುದು ಬೇಡಿಕೆ ತಗ್ಗಲು ಮುಖ್ಯ ಕಾರಣಗಳಾಗಿದ್ದವು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ರಾಸಾಯನಿಕ ಗೊಬ್ಬರವೂ ಇದಕ್ಕೆ ಜೊತೆಗೂಡಿತು. ಬರಿಗಾಲಿನಲ್ಲಿ ಹೊಲಕ್ಕಿಳಿಯುವವನಿಗೆ ಗಾಜು ಬೆರೆತ ಗೊಬ್ಬರ ಎಷ್ಟು ಅಗ್ಗವಾದರೂ ಬೇಡವೆನಿಸುವುದು ಸಹಜ.

ಕೊಳ್ಳುವವರಿಲ್ಲದ ಕಸ ನಿಂತಲ್ಲೇ ಬೆಳೆಯುತ್ತದೆ. ಹುಬ್ಬಳ್ಳಿಯಲ್ಲಿ ಕಾರವಾರ ರಸ್ತೆಯ ಕಡೆಗೆ, ಧಾರವಾಡದಲ್ಲಿ ಹೊಸಯಲ್ಲಾಪುರದಲ್ಲಿ ಕಸದ ಗುಡ್ಡೆಗಳು ಬೆಳೆದುದು ಹೀಗೆ. ಗುಡ್ಡೆಯ ಒಳಗೆ ಗಾಳಿಯಾಡದೆ ಕೊಳೆಯುವ ಹಸಿ ಕಸದಿಂದ ಮೀಥೇನ್ ಅನಿಲ ಹುಟ್ಟುತ್ತದೆ. 100 ವರ್ಷಗಳ ಅವಧಿಯ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಬೇಸಿಗೆಯಲ್ಲಿ ಗುಡ್ಡೆಗಳಿಗೆ ಬೆಂಕಿ ತಗುಲಿ ದಿನಗಟ್ಟಲೆ ಹೊಗೆಯಾಡಲು ಈ ಅನಿಲವೂ ಒಣ ಪ್ಲಾಸ್ಟಿಕ್ಕೂ ಕಾರಣವಾಗುತ್ತವೆ.

ಬೇರ್ಪಡಿಸುವಿಕೆ

2016ರ ಏಪ್ರಿಲ್ 8ರಂದು ಪ್ರಕಟವಾದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಹುಟ್ಟುವ ಸ್ಥಳದಲ್ಲಿಯೇ ಮೂರು ಭಾಗವಾಗಿ ಬೇರ್ಪಡಿಸಬೇಕೆಂದು ವಿಧಿಸಿದವು. ಕೊಳೆಯುವ ಹಸಿ ಕಸ, ಕೊಳೆಯದ ಒಣ ಕಸ ಮತ್ತು ಮನೆಯ ಅಪಾಯಕಾರಿ ಕಸ ಎಂಬುವೇ ಆ ಮೂರು. ಬಣ್ಣದ ಡಬ್ಬ, ಕೀಟನಾಶಕದ ಬಾಟಲಿ, ಕೆಟ್ಟ ಬಲ್ಬು, ಬ್ಯಾಟರಿ, ಅವಧಿ ಮುಗಿದ ಔಷಧಿ, ಸೂಜಿ, ಒಡೆದ ಥರ್ಮಾಮೀಟರ್ ಇವು ಆ ನಿಯಮಗಳಲ್ಲಿ ಮೂರನೆಯ ಗುಂಪಿಗೆ ಸೇರಿದ್ದವು. ರಸ್ತೆಯಲ್ಲಿ, ಚರಂಡಿಯಲ್ಲಿ, ಖಾಲಿ ನಿವೇಶನದಲ್ಲಿ ಕಸ ಎಸೆಯುವುದನ್ನೂ ಸುಡುವುದನ್ನೂ ಇದೇ ನಿಯಮಗಳು ನಿಷೇಧಿಸಿದವು. ಚಳಿಗಾಲದ ಮುಂಜಾನೆ ಒಣಗಿದ ಎಲೆಯೊಂದಿಗೆ ಪ್ಲಾಸ್ಟಿಕ್ ಹಾಳೆಗಳನ್ನೂ ಸೇರಿಸಿ ಬೆಂಕಿ ಕಾಯಿಸಿಕೊಳ್ಳುವ ರೂಢಿಯೂ ಈ ನಿಷೇಧದೊಳಗೆ ಬರುತ್ತದೆ.

ಮನೆಯಲ್ಲಿ ಇದಕ್ಕೆ ಬೇಕಾಗುವುದು ಎರಡು ಬುಟ್ಟಿಗಳು ಮತ್ತು ಒಂದು ಚೀಲ ಮಾತ್ರ. ಹಸಿ ಕಸದ ಬುಟ್ಟಿಗೆ ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಸುದ್ದಿಪತ್ರಿಕೆಯನ್ನು ಹಾಸಬಹುದು. ಹಾಲಿನ ಪೊಟ್ಟಣ, ಎಣ್ಣೆಯ ಪೊಟ್ಟಣಗಳನ್ನು ಒಮ್ಮೆ ತೊಳೆದು ಒಣಗಿಸಿ ಒಣ ಕಸಕ್ಕೆ ಸೇರಿಸಬೇಕು. ಹಾಲಿನ ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ ಪೊಟ್ಟಣಕ್ಕೇ ಅಂಟಿಕೊಂಡಿರುವಂತೆ ಸೀಳಿದರೆ ಆ ಸಣ್ಣ ತುಣುಕು ಮಣ್ಣು ಸೇರುವುದು ತಪ್ಪುತ್ತದೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಬೇರೆಯಾಗಿ ಕೊಡಬೇಕು. ಸ್ಯಾನಿಟರಿ ಪ್ಯಾಡ್ ಮತ್ತು ಮಕ್ಕಳ ಡಯಾಪರುಗಳನ್ನೂ ಕಾಗದದಲ್ಲಿ ಸುತ್ತಿ ಗುರುತಾಗುವಂತೆ ಕೊಡುವುದು ನಿಯಮವೂ ಹೌದು, ಬರಿಗೈಯಲ್ಲಿ ಕಸ ಮುಟ್ಟಬೇಕಾಗಿ ಬರುವ ಪೌರಕಾರ್ಮಿಕರಿಗೆ ತೋರುವ ಕನಿಷ್ಠ ಮರ್ಯಾದೆಯೂ ಹೌದು.

ಬೇರ್ಪಡಿಸಿ ಕೊಟ್ಟ ಕಸವು ಗಾಡಿಯಲ್ಲಿ ಮತ್ತೆ ಒಂದಾಗುತ್ತದೆ ಎಂಬ ದೂರು ಅನೇಕ ನಗರಗಳಲ್ಲಿ ಕೇಳಿಬರುತ್ತದೆ. ದೂರು ನಿಜವಿದ್ದಲ್ಲಿ ಅದಕ್ಕೆ ಮನೆಯವರು ಮಾಡಬಹುದಾದ ನೇರ ಉಪಾಯವೆಂದರೆ ಹಸಿ ಕಸವನ್ನು ಗಾಡಿಗೆ ಕೊಡದೇ ಇರುವುದು, ಅಂದರೆ ಮನೆಯಲ್ಲಿಯೇ ಗೊಬ್ಬರ ಮಾಡುವುದು.

ಮನೆಯಲ್ಲಿ ಗೊಬ್ಬರ ತಯಾರಿಕೆ

ಭಾರತದ ನಗರಗಳಲ್ಲಿ ತಲಾ ಒಬ್ಬರಿಂದ ದಿನಕ್ಕೆ 0.2ರಿಂದ 0.6 ಕಿಲೋಗ್ರಾಂ ಕಸ ಹುಟ್ಟುತ್ತದೆ ಎಂದೂ ಅದರಲ್ಲಿ ಸುಮಾರು ಅರ್ಧದಷ್ಟು ಕೊಳೆಯುವಂಥದು ಎಂದೂ ಸಾಮಾನ್ಯವಾಗಿ ಅಂದಾಜು ಮಾಡಲಾಗುತ್ತದೆ. ಈ ಲೆಕ್ಕದಂತೆ ಐದು ಜನರ ಮನೆಯಲ್ಲಿ ದಿನವೊಂದಕ್ಕೆ ಅರ್ಧದಿಂದ ಒಂದೂವರೆ ಕಿಲೋಗ್ರಾಂ ಹಸಿ ಕಸ ಸಿಗುತ್ತದೆ. ವರ್ಷಕ್ಕೆ ಇದು 180ರಿಂದ 550 ಕಿಲೋಗ್ರಾಂ ಆಗುತ್ತದೆ.

ತಳದಲ್ಲಿಯೂ ಬದಿಯಲ್ಲಿಯೂ ತೂತುಗಳಿರುವ ಎರಡು ಮಣ್ಣಿನ ಗಡಿಗೆ ಅಥವಾ ಹಳೆಯ ಬಕೆಟ್ಟುಗಳು ಇದಕ್ಕೆ ಸಾಕು. ತಳಕ್ಕೆ ತೆಂಗಿನ ನಾರು ಅಥವಾ ಒಣ ಕಡ್ಡಿ, ಅದರ ಮೇಲೆ ಒಂದು ಹಿಡಿ ಹಳೆಯ ಗೊಬ್ಬರ ಇಲ್ಲವೇ ಸೆಗಣಿ ನೀರು ಹಾಕಿ, ದಿನದ ಹಸಿ ಕಸವನ್ನು ಸಣ್ಣದಾಗಿ ಹೆಚ್ಚಿ ಹರಡಬೇಕು. ಪ್ರತಿ ಸಲವೂ ಕಸದ ಗಾತ್ರದಷ್ಟೇ ಒಣ ಎಲೆಯನ್ನೋ ಹರಿದ ಕಾಗದವನ್ನೋ ಮೇಲೆ ಮುಚ್ಚಬೇಕು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ತರಕಾರಿಯ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಹೊಸದಾಗಿ ಆರಂಭಿಸಿದವರು ಕೈಬಿಡಲು ಸಾಮಾನ್ಯ ಕಾರಣ ದುರ್ವಾಸನೆ. ದುರ್ವಾಸನೆಗೆ ಸಾಮಾನ್ಯ ಕಾರಣ ಒಣ ಎಲೆ ಸಾಲದಿರುವುದು. ಇರುವೆ ಮುತ್ತಿದರೆ ರಾಶಿ ತೀರ ಒಣಗಿದೆ ಎಂದರ್ಥ, ಸ್ವಲ್ಪ ನೀರು ಚಿಮುಕಿಸಬೇಕು. ವಾರಕ್ಕೊಮ್ಮೆ ಕೋಲಿನಿಂದ ಕೆದಕಿದರೆ ಗಾಳಿಯಾಡುತ್ತದೆ. ಒಂದು ಗಡಿಗೆ ತುಂಬಿದ ಮೇಲೆ ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಬಳಸತೊಡಗಬೇಕು. ಎರಡು-ಮೂರು ತಿಂಗಳಲ್ಲಿ ಅದು ಕಪ್ಪಾಗಿ, ಪುಡಿಯಾಗಿ, ಮೊದಲ ಮಳೆಯ ಮಣ್ಣಿನಂತೆ ವಾಸನೆ ಬರತೊಡಗಿದಾಗ ಗೊಬ್ಬರ ಸಿದ್ಧವಾಯಿತೆಂದು ತಿಳಿಯಬಹುದು.

ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಗಡಿಗೆಯನ್ನು ಮಾಡಿನ ಕೆಳಗೆ ಇಡುವುದು ಅಗತ್ಯ. ಒಣ ಎಲೆಯನ್ನು ಮಾಘ-ಫಾಲ್ಗುಣದಲ್ಲಿ ಉದುರುವಾಗಲೇ ಗೋಣಿಚೀಲದಲ್ಲಿ ತುಂಬಿಟ್ಟುಕೊಳ್ಳಬೇಕು, ಶ್ರಾವಣದಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೂಳೆ, ಮಾಂಸ, ಹೆಚ್ಚು ಎಣ್ಣೆಯ ಪದಾರ್ಥಗಳನ್ನು ಗಡಿಗೆಯಲ್ಲಿ ಹಾಕದಿರುವುದು ಒಳಿತು. ಹಿತ್ತಲು ಇರುವ ಮನೆಗಳಲ್ಲಿ ಎರೆಹುಳು ತೊಟ್ಟಿಯನ್ನೂ ಮಾಡಬಹುದು. ಕರ್ನಾಟಕದಲ್ಲಿ ಎರೆಗೊಬ್ಬರದ ಸಂಶೋಧನೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿದ್ದ ಡಾ. ರಾಧಾ ಕಾಳೆ ಅವರ ಕೊಡುಗೆ ದೊಡ್ಡದು. 1986ರಲ್ಲಿ ಸ್ಥಾಪನೆಯಾದ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೆಂದೇ ಒಂದು ಸಂಸ್ಥೆಯಿದೆ.

ಆಹಾರ

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಹೊರತಂದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು, ಅದರಲ್ಲಿ 60 ಶೇಕಡ ಮನೆಗಳಿಂದ ಬಂದುದು. ಈ ಭಾಗದ ಅಡುಗೆಯಲ್ಲಿ ಉಳಿತಾಯದ ಕ್ರಮಗಳು ಹಿಂದಿನಿಂದಲೂ ಇವೆ. ಬಿಳಿಜೋಳದ ಕಟಕ ರೊಟ್ಟಿಯನ್ನು ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಉಳಿದ ರೊಟ್ಟಿಯನ್ನು ಮುರಿದು ಒಗ್ಗರಣೆ ಹಾಕುವುದು ಬೆಳಗಿನ ಉಪಾಹಾರವೇ ಆಗಿದೆ. ಇವನ್ನು ಬಡತನದ ಗುರುತೆಂದು ಮಕ್ಕಳು ಭಾವಿಸದಂತೆ ನೋಡಿಕೊಳ್ಳುವುದು ಹಿರಿಯರ ಕೈಯಲ್ಲಿದೆ.

ಬಟ್ಟೆ, ಕಾಗದ ಮತ್ತು ಹಳೆಯ ಸಾಮಾನು

ಮರುಬಳಕೆಗೆ ಉತ್ತರ ಕರ್ನಾಟಕದ ಅತ್ಯುತ್ತಮ ಉದಾಹರಣೆ ಕೌದಿ. ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿ ಹಾಸಿ ಕೈಹೊಲಿಗೆಯಿಂದ ಕೂಡಿಸಿದ ಹೊದಿಕೆ ಇದು. ಮನೆಯ ಹೆಂಗಸರು ಬಿಡುವಿನಲ್ಲಿ ಹೊಲಿಯುತ್ತಾರೆ, ಕೂಲಿಗೆ ಹೊಲಿದು ಕೊಡುವವರೂ ಇದ್ದಾರೆ. ಹತ್ತಿಯ ಬಟ್ಟೆಯ ಕೌದಿ ಜೀರ್ಣವಾದ ಮೇಲೆ ಕಾಲೊರಸಾಗಿ, ಕೊನೆಗೆ ಮಣ್ಣಾಗುತ್ತದೆ. ಪಾಲಿಯೆಸ್ಟರ್ ಬಟ್ಟೆಗೆ ಈ ಕೊನೆಯ ಹಂತವಿಲ್ಲ. ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಸ್ತ್ರೀಯರು, ರದ್ದಿ ಅಂಗಡಿಯವರು, ಮೋಡಕಾ ಸಾಮಾನು ಕೊಳ್ಳುವವರು ನಗರದ ಮರುಬಳಕೆಯ ಕೆಲಸದಲ್ಲಿ ಬಹುಪಾಲನ್ನು ಸದ್ದಿಲ್ಲದೆ ಮಾಡುತ್ತಿದ್ದಾರೆ. ಕಾಗದವನ್ನು ನೆನೆಯಗೊಡದೆ ಇಟ್ಟು ಅವರಿಗೆ ಕೊಟ್ಟರೆ ಅದಕ್ಕೆ ಬೆಲೆ ಬರುತ್ತದೆ, ಎಂಜಲು ತಾಗಿದ ಕಾಗದಕ್ಕೆ ಬರುವುದಿಲ್ಲ.

ಪ್ಲಾಸ್ಟಿಕ್ ಮತ್ತು ಹಬ್ಬಗಳು

ಕರ್ನಾಟಕ ಸರ್ಕಾರವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ, ಫ್ಲೆಕ್ಸ್ ಮೊದಲಾದವನ್ನು ನಿಷೇಧಿಸಿತು. ಕೇಂದ್ರ ಸರ್ಕಾರದ ಏಕಬಳಕೆ ಪ್ಲಾಸ್ಟಿಕ್ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂದಿತು. ಕಾಯ್ದೆ ಎಷ್ಟೇ ಇದ್ದರೂ ಸಂತೆಗೆ ಹೋಗುವಾಗ ಚೀಲ ಮರೆತವನ ಕೈಗೆ ಪ್ಲಾಸ್ಟಿಕ್ ಬಂದೇ ಬರುತ್ತದೆ. ಬಾಗಿಲ ಹಿಂದಿನ ಮೊಳೆಗೆ ಎರಡು ಬಟ್ಟೆಯ ಚೀಲಗಳನ್ನು ನೇತುಹಾಕುವುದು ಇದಕ್ಕೆ ಸರಳ ಪರಿಹಾರ. ಮನೆಯ ಕಾರ್ಯಗಳಲ್ಲಿ ಮುತ್ತುಗದ ಪತ್ರಾವಳಿ ಅಥವಾ ಬಾಳೆ ಎಲೆಯನ್ನು ಬಳಸಿದರೆ ಉಂಡ ಎಲೆಗಳೆಲ್ಲ ಗೊಬ್ಬರವಾಗುತ್ತವೆ. ಒಳಬದಿಗೆ ಪ್ಲಾಸ್ಟಿಕ್ ಲೇಪನವಿರುವ ಕಾಗದದ ತಟ್ಟೆ ಮತ್ತು ಲೋಟಗಳು ಹಾಗಲ್ಲ, ನೋಡಲು ಮಾತ್ರ ಕಾಗದ.

ಮಣ್ಣೆತ್ತಿನ ಅಮಾವಾಸ್ಯೆಯಂದು ಹಸಿಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸಿ ಮತ್ತೆ ಮಣ್ಣಿಗೇ ಸೇರಿಸುವುದು ಈ ನಾಡಿನ ರೂಢಿ. ಗಣೇಶ ಚತುರ್ಥಿಗೂ ಇದೇ ರೀತಿ ಬಣ್ಣವಿಲ್ಲದ ಮಣ್ಣಿನ ಮೂರ್ತಿಯನ್ನು ತಂದರೆ ಮನೆಯ ಬಕೆಟ್ಟಿನಲ್ಲಿಯೇ ವಿಸರ್ಜಿಸಿ ಆ ನೀರನ್ನು ಗಿಡಗಳಿಗೆ ಹಾಕಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಮೂರ್ತಿ ನೀರಿನಲ್ಲಿ ಬೇಗ ಕರಗುವುದಿಲ್ಲ.

ನೀರು

ಅವಳಿ ನಗರಕ್ಕೆ ಕುಡಿಯುವ ನೀರು ಮುಖ್ಯವಾಗಿ ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಬರುತ್ತದೆ. ಹುಬ್ಬಳ್ಳಿಗೆ ನೀರಸಾಗರ ಕೆರೆಯೂ ಆಸರೆಯಾಗಿದೆ. ನಿರಂತರ ಪೂರೈಕೆಯ ಪ್ರಯೋಗವು ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ಆರಂಭವಾಯಿತು. ಉಳಿದೆಡೆ ದಿನಗಟ್ಟಲೆ ಕಾದು ನೀರು ತುಂಬಿಕೊಳ್ಳುವುದು ಇಲ್ಲಿನವರಿಗೆ ಹೊಸದಲ್ಲ. ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 90 ಚದರ ಮೀಟರ್ ತಾರಸಿಯಿಂದ 20 ಮಿಲಿಮೀಟರಿನ ಒಂದೇ ಮಳೆಗೆ 1,800 ಲೀಟರ್. ಸಂಗ್ರಹ ತೊಟ್ಟಿಗೆ ಸೊಳ್ಳೆ ನುಸುಳದಂತೆ ಜಾಲರಿ ಕಟ್ಟಬೇಕು.

ಬಚ್ಚಲಿನಿಂದ ಹೊರಹೋಗುವ ನೀರಿನ ಕಥೆಯೂ ಕಸದ ಕಥೆಯಂತೆಯೇ ಇದೆ. ನಾಲಾಗಳಲ್ಲಿ ಹರಿಯುವ ಕೊಳಚೆ ನೀರನ್ನು ಬಿಡ್ನಾಳ ಮೊದಲಾದ ಕಡೆಗಳಲ್ಲಿ ರೈತರು ಹೊಲಗಳಿಗೆ ಹಾಯಿಸಿಕೊಂಡು ಬೆಳೆ ತೆಗೆಯುವುದನ್ನು ಬ್ರಾಡ್‌ಫರ್ಡ್, ಬ್ರೂಕ್ ಮತ್ತು ಹುಣಶಾಳ ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನವು ವಿವರಿಸುತ್ತದೆ. ರೈತರ ಜೀವನೋಪಾಯಕ್ಕೆ ಅದು ಆಧಾರ, ಆರೋಗ್ಯಕ್ಕೆ ಅಪಾಯ. ಚರಂಡಿಗೆ ಸುರಿದ ಕೀಟನಾಶಕ, ಔಷಧಿ, ಎಣ್ಣೆಗಳು ಸೊಪ್ಪು-ತರಕಾರಿಯ ಮಡಿಗಳನ್ನು ದಾಟಿ ಮತ್ತೆ ಊರಿನ ಸಂತೆಗೆ ಬರುವ ದಾರಿ ಹೀಗೆ ತೆರೆದಿದೆ.

ಮಿತಿಗಳು

ಮನೆಯವರ ಕೈಮೀರಿದ ಕಸವೂ ಇದೆ. ಚಿಪ್ಸ್, ಬಿಸ್ಕತ್ತು, ಗುಟ್ಕಾಗಳ ಹಲವು ಪದರದ ಪೊಟ್ಟಣಗಳಲ್ಲಿ ಪ್ಲಾಸ್ಟಿಕ್ ಮತ್ತು ಲೋಹದ ಪೊರೆಗಳು ಅಂಟಿಕೊಂಡಿರುವುದರಿಂದ ಅವುಗಳನ್ನು ಬಿಡಿಸುವುದು ಕಷ್ಟ, ರದ್ದಿ ಅಂಗಡಿಯವರೂ ಕೊಳ್ಳುವುದಿಲ್ಲ. ಇಂತಹ ಹೊದಿಕೆಗಳನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ವಿದ್ಯುನ್ಮಾನ ಕಸ ಮತ್ತು ಬ್ಯಾಟರಿಗಳಿಗೆ 2022ರಲ್ಲಿ ಪ್ರತ್ಯೇಕ ನಿಯಮಗಳು ಬಂದಿವೆ. ಬಾಡಿಗೆಮನೆಯಲ್ಲಿ, ಒಂದೇ ಕೋಣೆಯಲ್ಲಿ ಇರುವ ಕುಟುಂಬಗಳಿಗೆ ಗಡಿಗೆ ಇಡಲು ಸ್ಥಳವಿರುವುದಿಲ್ಲ. ಅಂತಹ ಓಣಿಗಳಲ್ಲಿ ನಾಲ್ಕಾರು ಮನೆಗಳು ಸೇರಿ ಒಂದು ಉದ್ಯಾನದ ಮೂಲೆಯಲ್ಲೋ ಶಾಲೆಯ ಅಂಗಳದಲ್ಲೋ ಒಂದೇ ಗುಂಡಿಯನ್ನು ನಡೆಸಬಹುದು. ಅದಕ್ಕೆ ಒಣ ಎಲೆ ಒದಗಿಸುವವರು ಯಾರು, ವಾರಕ್ಕೊಮ್ಮೆ ಕೆದಕುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕಾಗುತ್ತದೆ.