ಅಂಚಿನ ಪ್ರವಾಹ: ಅತಿವಾಹಕ ಲೋಹಗಳ ಚರಿತ್ರೆಯ ಒಂದು ಪುಟ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಉಪಾಧ್ಯಾಯರಾದ ನಮಗೆ ಗಡಿಯೆಂದೊಡನೆ 1956ನೆಯ ಇಸವಿ ನೆನಪಾಗುವುದು. ಗದ್ವಾಲ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರೆಯಾದುದು ಆಗಲೇ. ಗಡಿಯೆಂದರೆ ಎಲ್ಲವೂ ಮುಗಿಯುವ ಸ್ಥಳವೆಂದು ಭಾವಿಸುವವರುಂಟು. ಭೌತವಿಜ್ಞಾನದ ಚರಿತ್ರೆ ಬೇರೆ ಮಾತನ್ನು ಹೇಳುತ್ತದೆ.

1911ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಓನ್ಸ್ ಅವರು ಪಾದರಸವನ್ನು ಸೊನ್ನೆಗಿಂತ 269 ಡಿಗ್ರಿ ಸೆಂಟಿಗ್ರೇಡ್ ಕೆಳಕ್ಕೆ ತಂಪುಗೊಳಿಸಲು, ಅದರ ವಿದ್ಯುತ್ ರೋಧವು ಮಾಯವಾಯಿತು. ಇದೇ ಅತಿವಾಹಕತೆ. ಇಂಥ ಲೋಹವು ಕಾಂತಕ್ಷೇತ್ರವನ್ನು ತನ್ನ ಒಡಲಿನಿಂದ ಹೊರದೂಡುವುದನ್ನು 1933ರಲ್ಲಿ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡ್ ಕಂಡರು. ಕಾರಣವನ್ನು 1935ರಲ್ಲಿ ಲಂಡನ್ ಸೋದರರು ವಿವರಿಸಿದರು: ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ದಪ್ಪದ ಅಂಚಿನಲ್ಲಿ ಹರಿಯುವ ಪ್ರವಾಹವೇ ಒಳಭಾಗವನ್ನು ಕಾಯುತ್ತದೆ.

ನಿಯೋಬಿಯಂನಂಥ ಅತಿವಾಹಕದ ತೆಳುಪೊರೆಯ ಮೇಲೆ ನಿಕ್ಕಲಿನಂಥ ಕಾಂತಲೋಹದ ಪೊರೆ ಹಾಸಿದರೇನಾಗುವುದು? ಅತಿವಾಹಕದಲ್ಲಿ ಇಲೆಕ್ಟ್ರಾನುಗಳು ವಿರುದ್ಧ ಭ್ರಮಣದ ಜೋಡಿಗಳಾಗಿ ಸಾಗುವುವೆಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ತೋರಿಸಿದರು. ಕಾಂತಲೋಹವಾದರೋ ಭ್ರಮಣಗಳನ್ನು ಒಂದೇ ದಿಕ್ಕಿಗೆ ತಿರುಗಿಸುವುದು. ಸ್ವಭಾವದಲ್ಲಿ ವಿರೋಧವಿದ್ದರೂ ಜೋಡಿಗಳು ಗಡಿ ದಾಟಿ ಕೆಲವು ನ್ಯಾನೊಮೀಟರು ಆಚೆಗೆ ಹೋಗುತ್ತವೆ. ಕಾಂತಲೋಹದ ಕ್ಷೇತ್ರವು ಈಚೆಯ ಅಂಚಿನಲ್ಲಿ ಪ್ರವಾಹವನ್ನು ಎಬ್ಬಿಸುತ್ತದೆ. ಹೊಸ ಗುಣಗಳು ಹುಟ್ಟುವುದು ಈ ಕೂಡುಗಡಿಯಲ್ಲಿಯೇ.

1987ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವು, ದ್ರವ ಸಾರಜನಕದ ಶೈತ್ಯದಲ್ಲೇ ಅತಿವಾಹಕವಾಗುವ ತಾಮ್ರದ ಆಕ್ಸೈಡುಗಳ ಮೇಲೆ ಶ್ರಮಿಸಿತು. ಕನ್ನಡ ನಾಡಿನಲ್ಲಿ ನಡೆದ ಈ ಕಾರ್ಯದ ಅರಿವು ನಮ್ಮ ಗಡಿಯ ಮಕ್ಕಳಿಗೆ ಕನ್ನಡದಲ್ಲಿಯೇ ದೊರೆಯಬೇಡವೇ? ಅತಿವಾಹಕ, ಕಾಂತಕ್ಷೇತ್ರ, ಅಂಚಿನ ಪ್ರವಾಹ: ಈ ಮಾತುಗಳನ್ನು ತರಗತಿಯಲ್ಲಿ ಬಳಸಿ ಉಳಿಸುವ ಹೊಣೆ ಉಪಾಧ್ಯಾಯರಾದ ನಮ್ಮದು.