‘ಧಾರವಾಡಕ್ಕೆ ಕಳಿಸಬೇಕು’ ಎಂಬ ಮಾತಿನ ಹಿಂದೆ

ಬೆಳಗಾವಿ ಸೀಮೆಯಲ್ಲಿ ಯಾರಾದರೂ ತಲೆಬುಡವಿಲ್ಲದೆ ಮಾತನಾಡಿದರೆ ‘ಇವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂದು ಗೇಲಿ ಮಾಡುವುದುಂಟು. ಈ ಮಾತಿನ ಬೇರು 1845ರಷ್ಟು ಹಳೆಯದು. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದ ಆ ಕಾಲದಲ್ಲಿ ಧಾರವಾಡದಲ್ಲಿ ಹುಚ್ಚಾಸ್ಪತ್ರೆ ಆರಂಭವಾಯಿತು. ಇಂದಿನ ‘ಡಿಮ್ಹಾನ್ಸ್’ ಅದರ ಮುಂದುವರಿಕೆ.

ಅಂದು ಅದು ಚಿಕಿತ್ಸೆಗಿಂತ ಹೆಚ್ಚಾಗಿ ಕೂಡಿಹಾಕುವ ಜಾಗ. 1858ರ ಹಾಗೂ 1912ರ ಕಾಯ್ದೆಗಳಲ್ಲಿ ಅಲ್ಲಿಗೆ ಹೋಗುವ ದಾರಿ ಬಹುಮಟ್ಟಿಗೆ ಪೊಲೀಸರು ಮತ್ತು ಮ್ಯಾಜಿಸ್ಟ್ರೇಟರ ಮೂಲಕವೇ ಇತ್ತು. ಪರಿಣಾಮಕಾರಿ ಔಷಧವೂ ಇರಲಿಲ್ಲ. ಕ್ಲೋರ್‌ಪ್ರೊಮಝೀನ್ ಮಾತ್ರೆ ಬಳಕೆಗೆ ಬಂದದ್ದು 1950ರ ದಶಕದಲ್ಲಿ.

ದಾರಿ ಬದಲಾದದ್ದು ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ, ಮನೋರೋಗಕ್ಕೆ ಊರಿನ ಹತ್ತಿರವೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ಮುಂದೆ ಹೋಯಿತು. ಜೀವಕ್ಕೆ ಅಪಾಯವಿದ್ದಾಗ ಯಾವುದೇ ನೋಂದಾಯಿತ ವೈದ್ಯರು ತುರ್ತು ಚಿಕಿತ್ಸೆ ಆರಂಭಿಸಬಹುದು. ಇದರ ಮಿತಿ 72 ಗಂಟೆ. ಪೊಲೀಸರು ಇಂಥವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಯ್ದೆ ಭಾವಿಸುತ್ತದೆ. ‘ಕೇಸಾದೀತು’ ಎಂದು ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡಬೇಕಿಲ್ಲ.

ಆದರೆ ತುರ್ತು ಸ್ಥಿತಿಯನ್ನು ಮೊದಲು ಗುರುತಿಸಬೇಕಾದವರು ಮನೆಯವರು. ಸಾಯುವ ಮಾತು, ಅನ್ನನೀರು ಬಿಟ್ಟು ಮೂಕವಾಗಿ ಕೂರುವುದು, ಕಾಣದವರ ಆಜ್ಞೆ ಕೇಳಿಸುತ್ತಿದೆ ಎನ್ನುವುದು, ಹತೋಟಿ ಮೀರಿದ ರೊಚ್ಚು ಮುಖ್ಯ ಲಕ್ಷಣಗಳು. ನಿನ್ನೆಯವರೆಗೆ ಸರಿಯಿದ್ದವರು ಇಂದು ಮನೆಮಂದಿಯನ್ನೇ ಗುರುತಿಸದಿದ್ದರೆ ಅದು ದೆವ್ವವೂ ಅಲ್ಲ, ಹಲವು ಸಲ ಮನೋರೋಗವೂ ಅಲ್ಲ. ಜ್ವರ, ತಲೆಗೆ ಪೆಟ್ಟು, ರಕ್ತದಲ್ಲಿ ಸಕ್ಕರೆ ಇಳಿಯುವುದು ಕಾರಣವಿರಬಹುದು. ನಿತ್ಯ ಕುಡಿಯುವವರು ದಿಢೀರನೆ ಬಿಟ್ಟಾಗ ಎರಡು-ಮೂರು ದಿನಗಳಲ್ಲಿ ನಡುಕ ಹುಟ್ಟಿ, ಇಲ್ಲದ್ದು ಕಾಣುವುದೂ ಉಂಟು. ಇದು ಪ್ರಾಣಕ್ಕೇ ಎರವಾಗಬಹುದು.

ಅಂಥವರನ್ನು ಒಂಟಿಯಾಗಿ ಬಿಡಬಾರದು, ಹೊಡೆಯಬಾರದು, ಕಟ್ಟಿಹಾಕಬಾರದು. ಮೆಲುದನಿಯಲ್ಲಿ ಮಾತನಾಡಿಸಿ, ಚಾಕು, ಕೀಟನಾಶಕ ದೂರವಿಟ್ಟು 108ಕ್ಕೆ ಕರೆ ಮಾಡಬೇಕು. ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಯಿದೆ.

ಬೆಳಗಾವಿಯ ಮಹಾಂತೇಶ ನಗರದಿಂದ ಧಾರವಾಡ ಸುಮಾರು 75 ಕಿ.ಮೀ. ದೂರ. ಜಿಲ್ಲಾ ಆಸ್ಪತ್ರೆ ಇರುವುದು ನಗರದಲ್ಲೇ. ಖಾನಾಪುರದವರಿಗೆ ತಾಲ್ಲೂಕು ಆಸ್ಪತ್ರೆಯಿದೆ. ತುರ್ತು ಗಳಿಗೆಯಲ್ಲಿ ಮೊದಲು ತಲುಪಬೇಕಾದದ್ದು ಧಾರವಾಡವನ್ನಲ್ಲ, ಹತ್ತಿರದ ವೈದ್ಯರನ್ನು.