ಅತ್ತಿ ಹೇಳಿದ ಕಾಲುವಿ

ಹೋದ ಸಲ ಶೇಂಗಾ ಹೋಳಿಗಿ ಬಗ್ಗೆ ಬರೆದಾಗ ಬೆಲ್ಲ ಎಷ್ಟು, ಶೇಂಗಾ ಎಷ್ಟು ಅಂತ ಕೇಳಿ ಭಾಳ ಮಂದಿ ಫೋನ್ ಮಾಡಿದ್ರಿ. ಈ ಸಲ ಅಡಿಗಿ ಇಲ್ಲ ನೋಡ್ರಿ. ಊಟ ಮಾತ್ರ ಐತಿ, ಅದೂ ಕಾಲುವಿ ದಂಡಿ ಮ್ಯಾಲೆ ಕುಂತು ಉಂಡಿದ್ದು.

ನಮ್ಮ ತಂಗಿ ಮಗಳು ಸ್ಕಾಟ್ಲೆಂಡಿನಾಗ ಇರ್ತಾಳ. ಅಲ್ಲಿ ವರ್ಷಾ ಸೆಪ್ಟೆಂಬರ್‌ನ್ಯಾಗ ‘ಡೋರ್ಸ್ ಓಪನ್ ಡೇಸ್’ ಅಂತ ಮಾಡ್ತಾರ. 1990ರಾಗ ಶುರುವಾದದ್ದಂತ. ಉಳಿದ ದಿನ ಬಾಗಿಲು ಹಾಕಿರೋ ಹಳೇ ಕಟ್ಟಡಗಳನ್ನ ಆಗ ಎಲ್ಲಾರಿಗೂ ಬಿಟ್ಟಿ ತೋರಿಸ್ತಾರ. ಅಕಿ ಒಂದು ಹಳ್ಳಿಗೆ ಹೋಗಿದ್ಲು. ಒಬ್ಬ ಮುದುಕ ಗಾರಿ ಇಲ್ದ, ಸುಣ್ಣ ಇಲ್ದ ಬರೇ ಕಲ್ಲು ಒಂದರ ಮ್ಯಾಲೆ ಒಂದು ಕುಂದರಿಸಿ ಹೊಲದ ಗ್ವಾಡಿ ಕಟ್ಟೋದು ತೋರಿಸಿದ್ನಂತ. ಆಮ್ಯಾಲೆ ಎಲ್ಲಾರೂ ಹಳ್ಳದ ದಂಡಿಗುಂಟ ನಡಕೋಂತ ಹೋಗಿ ಹಕ್ಕಿ ಎಣಿಸಿದ್ರು, ಚಾ ಕುಡದ್ರು, ಮನಿಗೆ ಬಂದ್ರು. “ದೊಡ್ಡವ್ವಾ, ಇಲ್ಲಿ ಮಂದಿ ತಮ್ಮ ಊರನ್ನ ತಾವೇ ನೋಡಾಕ ಹೊಂಟಿರ್ತಾರ” ಅಂದ್ಲು. ನನಗ ನಗು ಬಂತು. ಹುಟ್ಟಿದಾಗಿಂದ ಇರೋ ಊರಾಗ ನೋಡೋದೇನೈತವ್ವಾ ಅಂದೆ. ಅಕಿ ಬಿಡಲಿಲ್ಲ. “ಹಂಗಾರ ನಿಮ್ಮೂರ ಕಾಲುವಿ ಯಾರ ಕಾಲದ್ದು? ಯಾಕ ಕಟ್ಟಿಸಿದ್ರು?” ಅಂತ ಕೇಳಿದ್ಲು. ಮದಿವ್ಯಾಗಿ ಈ ಊರಿಗೆ ಬಂದು 31 ವರ್ಷ ಆತು. ಅದೇ ಕಾಲುವ್ಯಾಗ ಅರಿಬಿ ಒಗದೀನಿ, ಮಕ್ಕಳನ್ನ ತೊಳದೀನಿ. ಉತ್ತರ ಮಾತ್ರ ಗೊತ್ತಿರಲಿಲ್ಲ.

ಗೊತ್ತಿದ್ದೋರು ನಮ್ಮತ್ತಿ. ಅವರು 2023ರಾಗ ತೀರಿಕೊಂಡ್ರು.

ದೇಶನೂರು ಅಂದ್ರ ಹೊರಗಿನೋರಿಗೆ ಭತ್ತದ ಊರು, ಅಷ್ಟ. ಆದ್ರ ಇದು ನೀರಿನ ನಡುವಿನ ನೆಲ. ಸಿರುಗುಪ್ಪದ ಹತ್ರ ತುಂಗಭದ್ರಾ ಎರಡು ಸೀಳಾಗಿ ಹರೀತಾಳ, ಮುಂದ ಹೋಗಿ ಮತ್ತ ಕೂಡತಾಳ. ನಡುವ ಉಳಿದ ನಡುಗಡ್ಡಿನ ದೇಶನೂರಿನ ಸೀಮಿ. ಬ್ರಿಟಿಷರ ಕಾಲದ ಗ್ಯಾಜೆಟಿಯರ್‌ನ್ಯಾಗ ಈ ನಡುಗಡ್ಡಿ ಉದ್ದ 6 ಮೈಲಿ ಅಂತ ಬರದಾರ. ಸಿರುಗುಪ್ಪ ಅಂದ್ರ ಸಿರಿಯ ಕುಪ್ಪಿ, ಸಂಪತ್ತಿನ ರಾಶಿ ಅಂತಾನೂ ಅದರಾಗ ಐತಿ. ಆ ರಾಶಿಗೆ ಕಾರಣ ಕಾಲುವಿ.

ಈ ಕಾಲುವಿ ಡ್ಯಾಮ್ ಕಟ್ಟಿದ ಮ್ಯಾಲೆ ಬಂದದ್ದಲ್ಲ, ವಿಜಯನಗರದ ಕಾಲದ್ದು. ಹಂಪಿಯ ರಾಯ ಕಾಲುವಿ, ಬಸವಣ್ಣ ಕಾಲುವಿ, ತುರ್ತಾ ಕಾಲುವಿ, ಕೆಳಗ ರಾಮಸಾಗರ, ಕಂಪ್ಲಿ, ಇನ್ನೂ ಕೆಳಗ ಸಿರುಗುಪ್ಪ ಕಾಲುವಿ, ದೇಶನೂರು ಕಾಲುವಿ, ಇವೆಲ್ಲಾ ಒಂದೇ ತಾಯಿ ಮಕ್ಕಳು ಇದ್ದಂಗ. ಹೊಳ್ಯಾಗ ಇರೋ ಬಂಡಿ, ನಡುಗಡ್ಡಿ ಹಿಡಕೊಂಡು, ಅವುಗಳ ನಡುವ ದೊಡ್ಡ ದೊಡ್ಡ ಗುಂಡು ಪೇರಿಸಿ ಅಣಿಕಟ್ಟು ಹಾಕಿದ್ರು. ಕೆಲವು ಕಡಿ ಕಲ್ಲಿಗೆ ಕಲ್ಲು ಕಬ್ಬಿಣದ ಪಟ್ಟಿಯಿಂದ ಬಿಗದಾರ. ಈ ಕಟ್ಟಿಗೆ ಹೊಳಿ ನಿಲ್ಲಿಸೋ ಹಟ ಇಲ್ಲ. ಹೊಳಿನ ಸ್ವಲ್ಪ ಎತ್ತರಿಸಿ ಒಂದು ಪಾಲು ಕಾಲುವಿಗೆ ತಿರುಗಿಸ್ತೈತಿ. ಮಹಾಪೂರ ಬಂದ್ರ ನೀರು ಕಟ್ಟಿನ ತಲಿ ಮ್ಯಾಲೆ ಹಾದು ಹೋಗ್ತೈತಿ. ಸೊಸಿಗೆ ಅತ್ತಿ ಹೇಳೂ ಬುದ್ಧಿನೂ ಇದೇ ಅಲ್ಲೇನ್ರಿ, ಎಲ್ಲಾದಕ್ಕೂ ಎದುರು ನಿಲ್ಲಬ್ಯಾಡ, ನಿನ್ನ ಪಾಲು ತಿರುಗಿಸಿಕೋ ಅಂತ.

1565ರಾಗ ತಾಳಿಕೋಟಿ ಯುದ್ಧ ಆತು, ಹಂಪಿ ಹಾಳಾತು. ಅರಮನಿ ಬಿದ್ದು ಹೋದ್ವು. ಕಾಲುವಿ ಯಾಕ ಉಳೀತು? ಕಟ್ಟಿಸಿದ ರಾಜ ಇಲ್ಲ, ಲೆಕ್ಕ ಬರಿಯೋ ಮಂತ್ರಿ ಇಲ್ಲ. ಇದನ್ನ ನಾನು ಅತ್ತಿಗೆ ಒಂದು ಸಲ ಕೇಳಿದ್ದೆ. ಅವರು ಅಕ್ಕಿ ಆರಿಸಿಕೋಂತ ಒಂದೇ ಮಾತು ಅಂದ್ರು: “ಅರಮನಿ ಕಸಾ ಯಾರು ಹೊಡೀತಾರ? ಕಾಲುವಿ ಹೂಳಾದ್ರ ನಾವು ತೆಗೀಬೇಕು.” ನೀರು ನಿಲ್ಲಿಸಿದ ದಿನಗಳಾಗ ಮನಿಗೊಬ್ಬರಂಗ ಬುಟ್ಟಿ ಸಲಿಕಿ ಹಿಡಕೊಂಡು ಇಳೀತಿದ್ರಂತ. ಗಂಡಸರು ಕಡಿಯೋದು, ಹೆಂಗಸರು ಹೊರೋದು. ಯಾರ ಮನಿಯಿಂದ ಆಳು ಬರ್ಲಿಲ್ಲೋ ಅವರಿಗೆ ಊರೇ ಬಾಯಿ ಮಾಡ್ತಿತ್ತಂತ.

ಅತ್ತಿ ಬಗ್ಗೆ ಇನ್ನೊಂದು ಹೇಳಬೇಕು. ಅವರ ತವರು ಹೊಳಿ ಆಚಿ ದಂಡಿ, ರಾಯಚೂರು ಜಿಲ್ಲಾ. ಮದಿವಿ ಆದದ್ದು 1953ರಾಗ, 14 ವರ್ಷಕ್ಕ. ಹರಗೋಲಿನ್ಯಾಗ ಕುಂತು ಗಂಡನ ಮನಿಗೆ ಬಂದ್ರು. ಆಚಿ ದಂಡ್ಯಾಗ ಹರಗೋಲು ಹತ್ತಿದಾಗ ಹೈದರಾಬಾದ್ ರಾಜ್ಯ, ಈಚಿ ದಂಡ್ಯಾಗ ಇಳದಾಗ ಮದ್ರಾಸ್ ರಾಜ್ಯ. ಅದೇ ವರ್ಷ ಅಕ್ಟೋಬರ್ 1ಕ್ಕ ಬಳ್ಳಾರಿ ಮೈಸೂರು ರಾಜ್ಯಕ್ಕ ಸೇರ್ತು. ಮೊದಲ್ನೇ ದೀಪಾವಳಿಗೆ ತವರಿಗೆ ಹೋಗೂ ಹೊತ್ತಿಗೆ ಅವರು ಮೈಸೂರಿನೋರಾಗಿದ್ರು. ಅವರ ತವರು ನಮ್ಮ ರಾಜ್ಯಕ್ಕ ಸೇರಿದ್ದು 1956ರಾಗ. “ನಾನು ಒಂದು ಹೊಳಿ ದಾಟಿ ಮೂರು ಸರಕಾರ ನೋಡಿದೆ, ರೊಟ್ಟಿ ಬಡಿಯೋದು ಮಾತ್ರ ಒಂದೇ” ಅಂತ ನಗ್ತಿದ್ರು.

ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಿದ್ದೂ ಅದೇ 1953ರಾಗ. ಅಡಿಗಲ್ಲು ಹಾಕಿದ್ದು 1945ರಾಗ. ಅದು ಬಂದ ಮ್ಯಾಲೆ ಭತ್ತದ ಸೀಮಿ ಎಷ್ಟೋ ಪಟ್ಟು ಬೆಳೀತು, ಅದಕ್ಕ ಎರಡು ಮಾತಿಲ್ಲ. ಆದ್ರ ಅತ್ತಿ ಒಂದು ಗುರುತು ಹಿಡಿದಿದ್ರು. ಮೊದಲು ಹೊಸ ನೀರಿನ ಜೊತಿ ಕೆಂಪು ಮಣ್ಣು ಬಂದು ಹೊಲದಾಗ ಕುಂದರತಿತ್ತು, ಅದೇ ಗೊಬ್ಬರ. ಆಮ್ಯಾಲೆ ತಿಳಿ ನೀರು ಬರಾಕ ಹತ್ತಿತು, ಗೊಬ್ಬರದ ಚೀಲ ಕೊಳ್ಳೋದು ಶುರುವಾತು. ಆ ಮಣ್ಣು ಎಲ್ಲಿ ಹೋತು? ಡ್ಯಾಮಿನ ಹೊಟ್ಟ್ಯಾಗ ಕುಂತೈತಿ. ಕಟ್ಟಿದಾಗ 133 ಟಿಎಂಸಿ ನೀರು ಹಿಡೀತಿತ್ತು, ಈಗ ಹೂಳು ತುಂಬಿ ಸುಮಾರು 105. ಓದು ಬರಹ ಬಾರದ ಹೆಣ್ಣುಮಗಳು ಸೀರಿ ಅಂಚಿಗೆ ಹತ್ತಿದ ಕೆಂಪು ನೋಡಿ ಹೇಳಿದ್ದು, ಲೆಕ್ಕದೋರು ಅಳದು ಹೇಳಿದ್ದು ಒಂದೇ ಆತು.

ಸ್ಕಾಟ್ಲೆಂಡಿಗೂ ನಮ್ಮ ಸೀಮಿಗೂ ಹಳೇ ನಂಟು ಐತಿ ಅಂತ ಆಮ್ಯಾಲೆ ಗೊತ್ತಾತು. 1800ರಾಗ ನಿಜಾಮ ಬಳ್ಳಾರಿ ಕಡಿ ಸೀಮಿನೆಲ್ಲಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕ ದತ್ತ ಮಂಡಲ ಅಂದ್ರು. ಮೊದಲ್ನೇ ಕಲೆಕ್ಟರ್ ಥಾಮಸ್ ಮನ್ರೋ, ಗ್ಲಾಸ್ಗೋದಾಗ ಹುಟ್ಟಿದೋನು. 1807ರ ತನಕ ಇಲ್ಲಿ ಇದ್ದು ಹೊಲ ಅಳಿಸಿ ರೈತವಾರಿ ಕಂದಾಯ ಹಾಕಿದ. ಇನ್ನೊಬ್ಬ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಪಡುವಣ ಸಮುದ್ರದಾಗಿರೋ ಲೂಯಿಸ್ ಅನ್ನೋ ನಡುಗಡ್ಡಿಯೋನು, ನಮ್ಮಂಗ ನೀರಿನ ನಡುವ ಹುಟ್ಟಿದೋನು. 1815ರಾಗ ಇಡೀ ಭಾರತಕ್ಕ ಮೊದಲ್ನೇ ಸರ್ವೇಯರ್ ಜನರಲ್ ಆದ. ಅವನ ಕಡೆಯ ಮಂದಿ ಊರೂರು ತಿರುಗಿ ಗುಡಿ, ಕೆರಿ, ಇನಾಮು, ಆಳಿದೋರು, ಎಲ್ಲಾ ಕೇಳಿ ಬರಕೊಂಡ್ರು. ಅವೇ ಕೈಫಿಯತ್ತು. ಅವಿಲ್ಲದಿದ್ರ ಎಷ್ಟೋ ಊರಿನ ಕತಿ ಹೋಗೇ ಬಿಡ್ತಿತ್ತು. ಆದ್ರ ಹೇಳಿದೋರು ಯಾರು? ಶಾನುಭೋಗರು, ಗೌಡರು, ಪೂಜಾರಿಗಳು. ಬುಟ್ಟಿ ಹೊತ್ತೋರನ್ನ ಕೇಳಾಕ ಹೋಗಲಿಲ್ಲ. ಬೈಯಾಕ ನನಗ ಬಾಯಿ ಇಲ್ಲ. ಅವರು ಹೊರಗಿನೋರು. ನಾನು ಒಳಗಿದ್ದೂ ಕೇಳಲಿಲ್ಲ.

ಕೇಳಲಿಲ್ಲ ಅಂದ್ರ ಪೂರಾ ಕೇಳಲಿಲ್ಲ ಅಂತಲ್ಲ. ಮಗನ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ ಅತ್ತಿ ಹೇಳಿದ ತೂಬಿನ ಹೆಸರು ಬರಿಯಾಕ ಶುರು ಮಾಡಿದ್ದೆ. ಪ್ರತಿ ತೂಬಿಗೂ ಹೆಸರು ಐತ್ರಿ. ಹುಣಸಿಮರದ ತೂಬು, ಎಮ್ಮಿ ತೂಬು, ಬಾಣಂತಿ ತೂಬು. ಏಳು ಹೆಸರು ಬರದೆ. ಅಷ್ಟರಾಗ ನಾಟಿ ಬಂತು, ಆಮ್ಯಾಲೆ ಮಗಳ ಮದಿವಿ, ಆಮ್ಯಾಲೆ ಮಾಡೋಣ ಅಂದೆ. ಕಡೀ ವರ್ಷ ಅತ್ತಿಗೆ ಮರವು ಬಂತು, ನನ್ನನ್ನ ತಮ್ಮ ಅವ್ವ ಅಂತ ಕರೀತಿದ್ರು. ಎಂಟನೇ ತೂಬು ಕೇಳಿದ್ರ ನನ್ನ ಮುಖ ನೋಡಿ ಸುಮ್ನ ಕುಂತ್ರು. ಆ ಹಾಳಿ ಹಂಗೇ ಉಳೀತು.

ತಂಗಿ ಮಗಳು ಫೋನ್ ಮಾಡಿದ ಮ್ಯಾಲೆ ಓಣಿ ಹೆಣ್ಣುಮಕ್ಕಳಿಗೆ ಹೇಳಿದೆ: ಈ ಸಲ ಎಳ್ಳಮಾಸಿಗೆ ಹೊಲದಾಗ ಚರಗ ಚೆಲ್ಲಿ, ಉಂಡು, ಟ್ರ್ಯಾಕ್ಟರ್ ಹತ್ತಿ ಮನಿಗೆ ಬರೋದು ಬ್ಯಾಡ. ಕಾಲುವಿ ದಂಡಿಗುಂಟ ನಡದು ಕಟ್ಟಿನ ತನಕ ಹೋಗೂಣು. 2024ರ ಡಿಸೆಂಬರ್ 30, ಸೋಮವಾರ. ಸಜ್ಜಿ ರೊಟ್ಟಿ, ಎಣ್ಣಿ ಬದ್ನಿಕಾಯಿ, ಪುಂಡಿಪಲ್ಯ, ಕಡುಬು, ಮೊಸರನ್ನ ಕಟ್ಟಿಕೊಂಡು ಹದಿನಾಲ್ಕು ಮಂದಿ ಹೊಂಟ್ವಿ. ಜೊತಿಗೆ ಮೊಬೈಲ್ ಬಿಡದ ಐದಾರು ಹುಡುಗರು.

ದಾರಿಗುಂಟ ಮಾತು. ಆ ವರ್ಷ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಾವೆಲ್ಲಾ ಹೆಂಗ ಕುಂತಿದ್ವಿ ಅನ್ನೋದು. 2009ರ ಮಹಾಪೂರದಾಗ ಯಾರ ಯಾರ ಭತ್ತ ತೇಲಿ ಹೋತು ಅನ್ನೋದು. ಒಬ್ಬ ಹುಡುಗ ನೀರುನಾಯಿ ಕೇಳಿದ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ಹೊಳಿನ 2015ರಾಗ ನೀರುನಾಯಿಗಂತ ಮೀಸಲು ಮಾಡ್ಯಾರ, ದೇಶದಾಗ ಅದೇ ಮೊದಲ್ನೇದು. ನಮ್ಮೂರು ಅದರ ಕೆಳಗ. ನೀರುನಾಯಿಗೆ ಗಡಿ ಗೊತ್ತಿರ್ತೈತೇನು ಅಂತ ಎಲ್ಲಾರೂ ಹೊಳಿ ಕಡಿ ಕಣ್ಣು ಇಟ್ಕೊಂಡೇ ನಡದ್ವಿ. ಕಾಣಲಿಲ್ಲ. ಮಿಂಚುಳ್ಳಿ ಕಂಡ್ವು, ಕೊಕ್ಕರಿ ಕಂಡ್ವು, ನೀರುಕಾಗಿ ರೆಕ್ಕಿ ಒಣಗಿಸಿಕೋಂತ ಕುಂತಿದ್ವು.

ನನ್ನ ತವರು ಕುರುಗೋಡು ಕಡಿ. ಅಲ್ಲಿಂದ ಬರೂವಾಗ ತೆಕ್ಕಲಕೋಟಿ ಗುಡ್ಡ ನೋಡ್ತೀವಲ್ಲ, ಅದರ ಕತಿ ಹುಡುಗರಿಗೆ ಹೇಳಿದೆ. 1963-64ರಾಗ ನಾಗರಾಜರಾವ್, ಮಲ್ಹೋತ್ರಾ ಅನ್ನೋರು ಅಲ್ಲಿ ಅಗದಾಗ ಮೂರೂವರಿ ಸಾವಿರ ವರ್ಷಕ್ಕಿಂತ ಹಿಂದಿನ ಮನಿ, ಗಡಿಗಿ, ಕಲ್ಲಿನ ಕೊಡ್ಲಿ, ಬಂಗಾರದ ಕಿವಿ ಒಡವಿ ಸಿಕ್ಕವು. ಬಂಗಾರ ಅಂದ ಕೂಡಲೇ ಹೆಂಗಸರೆಲ್ಲಾ ಹತ್ರ ಬಂದ್ರು. ಅಷ್ಟು ಹಿಂದೇನೂ ಯಾವಕೀನೋ ಒಬ್ಬಾಕಿ ಕಿವ್ಯಾಗ ಬಂಗಾರ ಇಟ್ಕೊಂಡು ಕಾಳು ಬೀಸಿದ್ಲಲ್ಲ ಅಂತ.

ಎಂಟನೇ ತೂಬಿನ ಹತ್ರ ನಾನು ನೋಟ್‌ಬುಕ್ ತೆಗದೆ. ಎಲ್ಲಾರನ್ನೂ ಕೇಳಿದೆ. ಅಗಸರ ಓಣಿ ಅಜ್ಜಿ, 80 ದಾಟ್ಯಾರ, ಕೋಲು ಊರಿಕೊಂಡು ಬಂದಿದ್ರು. “ಇದು ಸುಂಕದ ತೂಬವ್ವಾ, ನಮ್ಮವ್ವ ಹಂಗ ಅಂತಿದ್ಲು” ಅಂದ್ರು. ಅಲ್ಲಿಂದ ಮುಂದಿನ ಮೂರೂ ಅವರೇ ಹೇಳಿದ್ರು. ಅತ್ತಿ ಬಾಯಿಂದ ಬರಬೇಕಾದ್ದು ಇವರ ಬಾಯಿಂದ ಬಂತು. ಅವರು ಎಲ್ಲೆಲ್ಲಿ ಒಗೀತಿದ್ರು, ಯಾವ ಕಲ್ಲು ಯಾವ ಮನಿತನದ್ದು, ಇದು ಅತ್ತಿಗೂ ಗೊತ್ತಿರಲಿಲ್ಲ. 31 ವರ್ಷದಾಗ ನಾನು ಆ ಅಜ್ಜಿ ಜೊತಿ ಅರಿಬಿ ಲೆಕ್ಕ ಬಿಟ್ಟು ಬ್ಯಾರೆ ಮಾತು ಆಡಿದ್ದೇ ಇಲ್ಲ. ಊಟಕ್ಕ ಕುಂತಾಗ ಅವರು ಸ್ವಲ್ಪ ದೂರ ಕುಂದ್ರಾಕ ಹೋದ್ರು. ನನ್ನ ಮಗಳು ಕೈ ಹಿಡಿದು ತನ್ನ ಮಗ್ಗಲಿಗೆ ಕುಂದರಿಸಿಕೊಂಡ್ಲು. ನಾನು ಮಾಡಬೇಕಾದ ಕೆಲಸ ಅದು.

ಒಂದು ಕಡಿ ಕಾಲುವಿಗೆ ಹೊಸದಾಗಿ ಸಿಮೆಂಟು ಹಾಕ್ಯಾರ. ನೀರು ಇಂಗಿ ಹೋಗಂಗಿಲ್ಲ, ಕೊನೀ ಹೊಲಕ್ಕ ಮುಟ್ತೈತಿ, ಒಳ್ಳೇದೇ. ಆದ್ರ ಹಳೇ ಕಲ್ಲಿನ ಪಾವಟಿಗಿ ಮುಚ್ಚಿ ನುಣ್ಣಗ ಇಳಿಜಾರು ಮಾಡಿಬಿಟ್ಟಾರ. ಹೆಂಗಸರು ಇಳಿಯಂಗಿಲ್ಲ, ಎಮ್ಮಿ ಇಳಿದ್ರ ಮ್ಯಾಲೆ ಬರಂಗಿಲ್ಲ, ಹುಡುಗರು ಜಾರಿದ್ರ ಹಿಡಿಯಾಕ ಏನೂ ಇಲ್ಲ. ಕೆಲಸದೋರಿಗೆ ಹೇಳಿದ್ರ “ನಕ್ಷಾದಾಗ ಪಾವಟಿಗಿ ಇಲ್ರಿ” ಅಂದಿದ್ರು. ನಕ್ಷಾದಾಗ ಇಲ್ಲದ್ದು ನಮ್ಮ ನೋಟ್‌ಬುಕ್ಕಿನಾಗ ಐತಿ ಈಗ: ಎಲ್ಲಿ ಇತ್ತು, ಯಾರು ಬಳಸ್ತಿದ್ರು, ಎಷ್ಟು ಮನಿ. ಉಳಿದ ಕೆಲಸ ಶುರುವಾಗೋದ್ರೊಳಗ ಅದನ್ನ ನೀಟಾಗಿ ಬರದು, ಹದಿನಾಲ್ಕೂ ಮಂದಿ ಸಹಿ ಮಾಡಿ, ಸಹಿ ಬಾರದೋರು ಹೆಬ್ಬೆಟ್ಟು ಒತ್ತಿ, ಪಂಚಾಯ್ತಿಗೆ ಕೊಟ್ಟೀವಿ. ನಾಕು ಕಡಿ ಪಾವಟಿಗಿ ಬೇಕಂತ. ಉತ್ತರ ಇನ್ನೂ ಬಂದಿಲ್ಲ, ಕೇಳೋದು ಬಿಟ್ಟಿಲ್ಲ.

ಕಟ್ಟಿನ ಹತ್ರ ಹೋದಾಗ ಸಂಜಿ ಆಗಿತ್ತು. ಗಂಗವ್ವಗ ಅರಿಷಿಣ ಕುಂಕುಮ ಏರಿಸಿ, ಉಳಿದ ಕಡುಬು ನೀರಿಗೆ ಬಿಟ್ವಿ. ತಂಗಿ ಮಗಳಿಗೆ ವಿಡಿಯೋ ಕಾಲ್ ಮಾಡಿ ಕಲ್ಲು ತೋರಿಸಿದೆ. “ಇಲ್ಲೂ ಗಾರಿ ಇಲ್ದ ಕಲ್ಲು” ಅಂದ್ಲು. “ಹೂಂ, ಆದ್ರ ಇದರ ಮ್ಯಾಲೆ ಹೊಳಿ ಹಾಯ್ತೈತವ್ವಾ” ಅಂದೆ.

ನಮ್ಮೂರಿಂದ ಬ್ಯಾರೆ ಊರಿಗೆ ಮದಿವ್ಯಾಗಿ ಹೋದ ಹೆಣ್ಣುಮಕ್ಕಳು ಇದನ್ನ ಓದಾಕತ್ತಿದ್ರ ಒಂದು ಕೆಲಸ ಮಾಡ್ರಿ. ಹನ್ನೊಂದು ತೂಬಿನ ಹೆಸರು ಆಗ್ಯಾವ, ಇನ್ನೂ ಅದಾವ. ನಿಮ್ಮವ್ವ, ನಿಮ್ಮಜ್ಜಿ ಯಾವ ಹೆಸರು ಹೇಳ್ತಿದ್ರು ನೆನಪು ಮಾಡಿ ತಿಳಸ್ರಿ. ಅವರು ಇನ್ನೂ ಇದ್ರ ಇವತ್ತೇ ಕೇಳ್ರಿ, ನಾಟಿ ಮುಗೀಲಿ ಅನಬ್ಯಾಡ್ರಿ. ಮುಂದಿನ ಎಳ್ಳಮಾಸಿಗೆ ಮತ್ತ ಹೋಗ್ತೀವಿ. ರೊಟ್ಟಿ ನಿಮ್ಮದು, ಬದ್ನಿಕಾಯಿ ನಮ್ಮದು.